ಒಳ್ಳೆಯ ಮನಸ್ಸೊಂದೇ ಸಾಲದು, ಗೆಳೆಯರೇ

ಟೊರಾಂಟೊ ನಗರದಲ್ಲಿ ಎಜ್ರಾಸ್ ನೋಶಿಮ್ ಎಂಬ ಯಹೂದಿ ಹೆಂಗಸರ ಸಂಘವೊಂದಿತ್ತು. 1913ರಲ್ಲಿ ಆ ಹೆಂಗಸರು ಮನೆ ಮನೆಯ ಬಾಗಿಲು ತಟ್ಟಿ ಚಂದಾ ಎತ್ತಲು ಹೊರಟರು. ತಮ್ಮ ಸಮುದಾಯದ ದಿಕ್ಕಿಲ್ಲದ ಮುದುಕರು ಯಾವ ಯಾವುದೋ ಆಶ್ರಯಧಾಮ ಸೇರಿ, ತಮ್ಮ ಧರ್ಮಕ್ಕೆ ಒಗ್ಗದ ಊಟದ ಮುಂದೆ ಕೂತು, ತಮ್ಮ ಯಿಡ್ಡಿಷ್ ಮಾತು ಯಾರಿಗೂ ತಿಳಿಯದ ಕಡೆ ದಿನ ದೂಡುತ್ತಿದ್ದಾರೆಂಬುದು ಅವರ ಸಂಕಟ. ಐದು ವರ್ಷದ ಮೇಲೆ, 1918ರಲ್ಲಿ, ಸೆಸಿಲ್ ಬೀದಿಯ ಒಂದು ಮನೆಯಲ್ಲಿ ವೃದ್ಧಾಶ್ರಮ ಶುರುವಾಯಿತು. ಅಡುಗೆ, ಬಟ್ಟೆ ಒಗೆಯುವುದು, ಮನೆ ಗುಡಿಸುವುದು ಎಲ್ಲವೂ ಅದೇ ಹೆಂಗಸರ ಪಾಲಿಗೆ. ಸಂಬಳದ ಮಾತೇ ಇಲ್ಲ. ಆ ಮನೆಯೇ ಬೆಳೆದು ಇಂದು ಬೇಕ್ರೆಸ್ಟ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಟೊರಾಂಟೊ ವಿಶ್ವವಿದ್ಯಾಲಯದ ಜೊತೆ ಸೇರಿಕೊಂಡ ಆಸ್ಪತ್ರೆ, ವೃದ್ಧರ ವಸತಿ, ಮಿದುಳಿನ ಸಂಶೋಧನೆ ಎಲ್ಲವೂ ಅಲ್ಲಿವೆ.

ವಯಸ್ಸಿನಲ್ಲಿ ನಿಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕೇ? 1976ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಸುತ್ತಮುತ್ತಲೇ ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದ ಯಹೂದಿಗಳನ್ನು ನೋಡಲು ಹೋಗತೊಡಗಿದರು. ಕಟ್ಟಡವಿಲ್ಲ, ನಿಧಿಯಿಲ್ಲ. ಇದ್ದದ್ದು ಕಾಲು ಮತ್ತು ಪುರುಸೊತ್ತು. ಅದು ‘ಡೊರೊಟ್’ ಎಂಬ ಸಂಸ್ಥೆಯಾಯಿತು, ಇವತ್ತಿಗೂ ನಡೆಯುತ್ತಿದೆ. ಹಬ್ಬ ಬಂದರೆ ಸ್ವಯಂಸೇವಕರು ಪೊಟ್ಟಣ ಹಿಡಿದು ಮುದುಕರ ಮನೆಗೆ ಹೋಗುತ್ತಾರೆ. ಪೊಟ್ಟಣ ಕೊಟ್ಟು ಓಡಿಬಿಡುವಂತಿಲ್ಲ. ಒಳಗೆ ಹೋಗಿ ಕೂರಬೇಕು, ಮಾತಾಡಬೇಕು.

ಇಷ್ಟು ಓದಿದ ಕೂಡಲೇ ನಿಮ್ಮಲ್ಲಿ ಹಲವರಿಗೆ ಎದ್ದು ಹೊರಡುವ ಹುಮ್ಮಸ್ಸು ಬರುತ್ತದೆಂದು ಬಲ್ಲೆ. ಬರಲಿ. ಆದರೆ ಹೊರಡುವ ಮೊದಲು ಒಂದು ಮಾತು ಕೇಳಿ. ನಮ್ಮಲ್ಲಿ ಸೇವೆಯೆಂದರೆ ಒಳ್ಳೆಯ ಮನಸ್ಸಿದ್ದರೆ ಸಾಕು ಎಂಬ ನಂಬಿಕೆ ಬಲವಾಗಿದೆ. ಹುಟ್ಟುಹಬ್ಬದ ದಿನ ವೃದ್ಧಾಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಹಣ್ಣು ಹಂಚಿ, ಅಜ್ಜಿಯೊಬ್ಬರ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿ, ಸಂಜೆಯೊಳಗೆ ಅದನ್ನು ಊರಿಗೆಲ್ಲ ತೋರಿಸುವುದು ಈಗ ಒಂದು ಪದ್ಧತಿಯೇ ಆಗಿಬಿಟ್ಟಿದೆ. ಆ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯೇ, ಫೋಟೊಗೆ ಅವರು ಒಪ್ಪಿದರೇ ಎಂದು ಕೇಳಿದವರು ಎಷ್ಟು ಜನ? ಮನಸ್ಸು ಒಳ್ಳೆಯದೇ. ಕೆಲಸ ಮಾತ್ರ ಕೆಟ್ಟದ್ದು.

ಯಹೂದಿ ಪರಂಪರೆ ನನಗೆ ಇಷ್ಟವಾಗುವುದು ಇಲ್ಲಿ. ಕಾಯಿಲೆಯವರನ್ನು, ವಯಸ್ಸಾದವರನ್ನು ನೋಡಲು ಹೋಗುವುದನ್ನು ಅವರು ಭಾವನೆಯ ಪಾಲಿಗೆ ಬಿಟ್ಟುಕೊಟ್ಟಿಲ್ಲ. ಅದಕ್ಕೆ ‘ಬಿಕುರ್ ಖೋಲಿಮ್’ ಎಂದು ಹೆಸರಿಟ್ಟು, ಕರ್ತವ್ಯವೆಂದು ಕರೆದು, ಹೇಗೆ ಮಾಡಬೇಕೆಂದು ಕಾನೂನಿನ ಹಾಗೆ ಬರೆದಿಟ್ಟಿದ್ದಾರೆ. ಹದಿನಾರನೆಯ ಶತಮಾನದಲ್ಲಿ ಸಫೇದ್ ಊರಿನಲ್ಲಿ ಯೋಸೆಫ್ ಕಾರೊ ಬರೆದ ‘ಶುಲ್ಖಾನ್ ಆರೂಖ್’ ಎಂಬ ಧರ್ಮಸಂಹಿತೆಯಲ್ಲಿ ಇದಕ್ಕೊಂದು ಪ್ರಕರಣವೇ ಇದೆ. ಕಾಯಿಲೆ ಬಿದ್ದ ಕೂಡಲೇ ನೆಂಟರು, ಆಪ್ತರು ಹೋಗಬಹುದು. ಉಳಿದವರು ಮೂರು ದಿನ ಕಾಯಬೇಕು. ಹಗಲಿನ ಮೊದಲ ಮೂರು ಗಂಟೆ, ಕೊನೆಯ ಮೂರು ಗಂಟೆ ಹೋಗಬಾರದು. ಮಲಗಿರುವವರಿಗಿಂತ ಎತ್ತರದಲ್ಲಿ ಕೂರಬಾರದು. ಹೊಟ್ಟೆ ಕೆಟ್ಟವರು, ತಲೆನೋವಿನವರು, ಮಾತಾಡಲು ಕಷ್ಟವಾಗುವವರು ಇದ್ದರೆ ಕೋಣೆಯೊಳಗೆ ಹೋಗಲೇಬಾರದು. ಹೊರಗೆ ನಿಂತು, ಏನಾದರೂ ಬೇಕೇ ಎಂದು ಮನೆಯವರನ್ನು ವಿಚಾರಿಸಿ ಬರಬೇಕು.

ಹೊತ್ತಿನ ನಿಯಮಕ್ಕೆ ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್ ಕೊಡುವ ಕಾರಣ ಸೊಗಸಾಗಿದೆ. ಬೆಳಗ್ಗೆ ರೋಗಿ ಗೆಲುವಾಗಿ ಕಾಣುತ್ತಾನೆ, ಬಂದವನು ‘ಪರವಾಗಿಲ್ಲ’ ಎಂದು ಪ್ರಾರ್ಥನೆ ಮರೆಯುತ್ತಾನೆ. ಸಂಜೆ ತೀರಾ ಬಳಲಿರುತ್ತಾನೆ, ಬಂದವನು ಆಸೆ ಬಿಡುತ್ತಾನೆ. ಹನ್ನೆರಡನೆಯ ಶತಮಾನದ ಯಹೂದಿ ಧರ್ಮಪಂಡಿತ ಮೈಮೊನೀಡಿಸ್ ವೈದ್ಯನೂ ಹೌದು. ಈಜಿಪ್ಟಿನಲ್ಲಿ ದಿನವಿಡೀ ರೋಗಿಗಳ ನಡುವೆ ಇದ್ದವನು. ಅವನು ಕೊಟ್ಟ ಕಾರಣ ಇನ್ನೂ ನೇರ: ಆ ಹೊತ್ತಿನಲ್ಲಿ ಆರೈಕೆಯವರು ರೋಗಿಯ ಕೆಲಸ ನೋಡುತ್ತಿರುತ್ತಾರೆ, ಅಡ್ಡ ಬರಬೇಡಿ. ಇಂದಿನ ಯಾವ ನರ್ಸನ್ನಾದರೂ ಕೇಳಿ ನೋಡಿ, ಎಂಟು ನೂರು ವರ್ಷದ ಹಿಂದಿನ ಈ ಮಾತಿಗೆ ಕೈಮುಗಿಯುತ್ತಾಳೆ.

ತಾಲ್ಮುದ್‌ನಲ್ಲೇ ಇನ್ನೊಂದು ಮಾತಿದೆ. ನೋಡಲು ಬಂದವನು ಕಾಯಿಲೆಯ ಅರವತ್ತರಲ್ಲೊಂದು ಪಾಲನ್ನು ತೆಗೆದುಕೊಂಡು ಹೋಗುತ್ತಾನಂತೆ. ಹಾಗಾದರೆ ಅರವತ್ತು ಜನರನ್ನು ಒಟ್ಟಿಗೆ ಕಳಿಸಿ ಕಾಯಿಲೆಯನ್ನೇ ಮುಗಿಸಬಾರದೇ ಎಂದು ಅಲ್ಲೇ ಒಬ್ಬ ಕೇಳುತ್ತಾನೆ. ಇಲ್ಲ, ಪ್ರತಿಯೊಬ್ಬನೂ ಒಯ್ಯುವುದು ಉಳಿದದ್ದರಲ್ಲಿ ಅರವತ್ತರ ಒಂದು ಪಾಲು ಎಂಬುದು ಉತ್ತರ. ಇಂಜಿನಿಯರಿಂಗ್ ಓದುವವರು ಲೆಕ್ಕ ಹಾಕಿ. ಅರವತ್ತು ಭೇಟಿ ಮುಗಿದರೂ ಮೂರನೇ ಒಂದು ಪಾಲಿಗಿಂತ ಹೆಚ್ಚು ನೋವು ಉಳಿದೇ ಇರುತ್ತದೆ. ಎಷ್ಟು ಸಲ ಹೋದರೂ ಸೊನ್ನೆಗೆ ಇಳಿಯುವುದಿಲ್ಲ. ಒಂದು ಸಲ ಹೋಗಿ ‘ಮಾಡಿದೆ’ ಎಂದು ಬೀಗುವವರಿಗೆ ಈ ಲೆಕ್ಕ ಸಾಕು.

ಅಮೆರಿಕ, ಕೆನಡಾದ ಯಹೂದಿ ವೃದ್ಧಾಶ್ರಮಗಳು ಸ್ವಯಂಸೇವಕರಾಗಿ ಯಹೂದಿಗಳನ್ನಷ್ಟೇ ತೆಗೆದುಕೊಳ್ಳುವುದಿಲ್ಲ. ಯಾವ ಧರ್ಮದವರಾದರೂ ಬರಬಹುದು. ಆದರೆ ಬಾಗಿಲಲ್ಲೇ ಒಂದು ಜರಡಿ ಇರುತ್ತದೆ. ಪೊಲೀಸ್ ದಾಖಲೆ ನೋಡುತ್ತಾರೆ, ಲಸಿಕೆ ವಿಚಾರಿಸುತ್ತಾರೆ, ತರಬೇತಿಗೆ ಕೂರಿಸುತ್ತಾರೆ. ಅಲ್ಲಿ ಹೇಳಿಕೊಡುವುದರಲ್ಲಿ ಅರ್ಧ ‘ಮಾಡಬೇಡಿ’ ಎಂಬುದೇ. ಮಾತ್ರೆ ಕೊಡಬೇಡಿ. ಹಾಸಿಗೆಯಿಂದ ಎಬ್ಬಿಸಿ ಗಾಲಿಕುರ್ಚಿಗೆ ಕೂರಿಸಬೇಡಿ. ದುಡ್ಡಾಗಲಿ ಒಡವೆಯಾಗಲಿ ಉಡುಗೊರೆಯೆಂದು ತೆಗೆದುಕೊಳ್ಳಬೇಡಿ. ಕಾಗದಪತ್ರಕ್ಕೆ ಸಾಕ್ಷಿ ಹಾಕಬೇಡಿ. ಕದ ತಟ್ಟದೆ ಒಳಗೆ ಹೋಗಬೇಡಿ. ಅದು ಆಸ್ಪತ್ರೆಯ ವಾರ್ಡಲ್ಲ, ಅವರ ಮನೆ. ಕೇಳಿದ್ದನ್ನು ಹೊರಗೆ ಆಡಬೇಡಿ.

ಬಾಯಾರಿಕೆ ಎಂದವರಿಗೆ ನೀರು ಕೊಡುವುದಕ್ಕೂ ಕೇಳಬೇಕು ಅಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಪಾರ್ಶ್ವವಾಯು ಬಡಿದವರಲ್ಲಿ, ಮರೆವಿನ ಕಾಯಿಲೆ ಬಲಿತವರಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ. ತೆಳ್ಳಗಿನ ನೀರು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು, ಅದರಿಂದ ಸಾವೂ ಆಗಬಹುದು. ಅಂಥವರಿಗೆ ನೀರನ್ನೂ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡುತ್ತಾರೆ. ನಿಮ್ಮ ಒಂದು ಲೋಟ ಪ್ರೀತಿ ಅವರ ಜೀವಕ್ಕೆ ಎರವಾಗಬಹುದು. ಇನ್ನು ಊರಿಂದ ಅಮ್ಮ ಕಳಿಸಿದ ಮೈಸೂರು ಪಾಕು ಹಂಚೋಣವೆಂದು ಡಬ್ಬಿ ಹಿಡಿದು ಹೊರಟಿದ್ದರೆ ಅದನ್ನು ಗೆಳೆಯರಿಗೇ ಕೊಡಿ. ಕೋಶರ್, ಅಂದರೆ ಯಹೂದಿ ಆಹಾರನಿಯಮ ಪಾಲಿಸುವ ಅಡುಗೆಮನೆಯಲ್ಲಿ ಮಾಂಸ ಬೇರೆ, ಹಾಲು ಬೇರೆ, ಪಾತ್ರೆಗಳೂ ಬೇರೆ. ಮಾಂಸದೂಟ ಮುಗಿಸಿದವರು ತುಪ್ಪದ ತಿಂಡಿ ಮುಟ್ಟುವುದಿಲ್ಲ. ಹೊರಗಿನ ಮನೆಯ ತಿಂಡಿಗೆ ಒಳಗೆ ಪ್ರವೇಶವೇ ಇಲ್ಲ. ಮಡಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವೆಲ್ಲ ಕಲಿತರೆ ಬರುವ ವಿಷಯಗಳು. ಕಷ್ಟದ್ದು ಬೇರೆ ಇದೆ. ಎಂಬತ್ತೆಂಟು ವರ್ಷದ ಒಬ್ಬಾಕೆ ನಿಮ್ಮ ಕೈಹಿಡಿದು, ‘ನಮ್ಮಮ್ಮ ಎಲ್ಲಿ? ಇನ್ನೂ ಯಾಕೆ ಬಂದಿಲ್ಲ?’ ಎಂದು ಕೇಳುತ್ತಾಳೆ ಎಂದುಕೊಳ್ಳಿ. ಅಮ್ಮ ಸತ್ತು ನಲವತ್ತು ವರ್ಷ ಆಗಿದೆ. ನಿಜ ಹೇಳಿದರೆ ಆಕೆ ಈಗಷ್ಟೇ ಸುದ್ದಿ ಕೇಳಿದವಳಂತೆ ಅಳುತ್ತಾಳೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಾಳೆ, ಮತ್ತೆ ಅಳುತ್ತಾಳೆ. ‘ಸಂಜೆ ಬರ್ತಾರೆ’ ಎಂದರೆ ಸುಳ್ಳು. ಹಿಲ್ಲೆಲ್, ಶಮ್ಮಾಯ್ ಎಂಬ ಎರಡು ಯಹೂದಿ ಪಂಥಗಳು ಎರಡು ಸಾವಿರ ವರ್ಷದ ಹಿಂದೆಯೇ ಇಂಥದೊಂದು ಪ್ರಶ್ನೆಗೆ ಜಗಳವಾಡಿದ್ದವು. ಮದುವೆಯಲ್ಲಿ ಹುಡುಗಿ ಚೆಂದವಿಲ್ಲದಿದ್ದರೆ ಏನೆಂದು ಹೊಗಳುವುದು? ಇದ್ದದ್ದನ್ನು ಹೇಳಿ ಎಂದರು ಶಮ್ಮಾಯ್ ಕಡೆಯವರು. ಎಲ್ಲ ಮದುಮಗಳೂ ಚೆಲುವೆಯೇ ಎಂದರು ಹಿಲ್ಲೆಲ್ ಕಡೆಯವರು. ನಡೆದುಬಂದದ್ದು ಹಿಲ್ಲೆಲ್ ದಾರಿ.

ಮೂರನೆಯ ದಾರಿಯನ್ನು ತೋರಿಸಿದ್ದು ವೃದ್ಧಾಶ್ರಮದಲ್ಲೇ ಬೆಳೆದ ಒಬ್ಬ ಹುಡುಗಿ. ನವೋಮಿ ಫೈಲ್ ಹುಟ್ಟಿದ್ದು 1932ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಯಹೂದಿ ಕುಟುಂಬ. ನಾಜಿಗಳ ಕಾಲದಲ್ಲಿ ಅಮೆರಿಕ ಸೇರಿದರು. ತಂದೆ ಕ್ಲೀವ್‌ಲ್ಯಾಂಡ್‌ನ ಮಾಂಟೆಫಿಯೋರ್ ಎಂಬ ಯಹೂದಿ ವೃದ್ಧಾಶ್ರಮದ ಆಡಳಿತಗಾರ, ತಾಯಿ ಅಲ್ಲೇ ಸಮಾಜಸೇವಾ ವಿಭಾಗದ ಮುಖ್ಯಸ್ಥೆ. ಮಗಳು ಬೆಳೆದದ್ದು ಆ ಆಶ್ರಮದಲ್ಲೇ, ಮುದುಕ ಮುದುಕಿಯರ ನಡುವೆ. ಮುಂದೆ ಸಮಾಜಸೇವೆ ಓದಿ ಅಲ್ಲಿಗೇ ಕೆಲಸಕ್ಕೆ ಬಂದಳು. ಮರೆವಿನವರನ್ನು ‘ಇವತ್ತು ಯಾವ ವಾರ, ಯಾವ ತಿಂಗಳು’ ಎಂದು ಪದೇ ಪದೇ ತಿದ್ದಿ ವರ್ತಮಾನಕ್ಕೆ ಎಳೆದು ತರುವುದೇ ಆಗ ಚಿಕಿತ್ಸೆ ಎನ್ನಿಸಿಕೊಂಡಿತ್ತು. ಅದರಿಂದ ಅವರು ಇನ್ನಷ್ಟು ಮುದುಡುವುದನ್ನು ನವೋಮಿ ನೋಡಿದಳು. 1963ರಿಂದ 1980ರವರೆಗೆ ಕೆಲಸ ಮಾಡುತ್ತಲೇ ‘ವ್ಯಾಲಿಡೇಷನ್’ ಎಂಬ ಪದ್ಧತಿ ಕಟ್ಟಿದಳು. ತಿದ್ದಬೇಡ, ಸುಳ್ಳನ್ನೂ ಹೇಳಬೇಡ. ಆ ಮಾತಿನ ಹಿಂದಿರುವ ಕೊರಗನ್ನು ಹಿಡಿ. ‘ಅಮ್ಮ ತುಂಬಾ ನೆನಪಾಗ್ತಿದ್ದಾರಾ? ಶುಕ್ರವಾರ ಸಂಜೆ ಏನು ಅಡುಗೆ ಮಾಡ್ತಿದ್ರು?’ ಎಂದು ಕೇಳು. ಆಕೆ ಅಮ್ಮನ ಅಡುಗೆ ಹೇಳತೊಡಗುತ್ತಾಳೆ. ಅಳು ಬಂದರೂ ಬರಲಿ, ಆಗ ಪಕ್ಕದಲ್ಲಿ ನೀನಿರುತ್ತೀಯ.

ನವೋಮಿಯ ಒಂದು ವಿಡಿಯೊ ಲೋಕವೆಲ್ಲ ಸುತ್ತಿದೆ. ಮಾತು ಬಹುಪಾಲು ನಿಂತೇಹೋಗಿದ್ದ ಒಬ್ಬ ಆಫ್ರಿಕನ್ ಅಮೆರಿಕನ್ ವೃದ್ಧೆ ಕುರ್ಚಿಯ ತೋಳನ್ನು ಬಡಿಯುತ್ತ ಕೂತಿದ್ದಾಳೆ. ಎದುರಿಗೆ ಕೂತ ನವೋಮಿ ಆಕೆಯ ಕೆನ್ನೆ ಮುಟ್ಟಿ, ಬಡಿತದ ಲಯಕ್ಕೇ ತನ್ನ ದನಿ ಸೇರಿಸಿ, ಯೇಸುವಿನ ಹಾಡು ಹಾಡುತ್ತಾಳೆ. ಆ ವೃದ್ಧೆ ಕಣ್ಣು ತೆರೆಯುತ್ತಾಳೆ, ದನಿಗೂಡಿಸುತ್ತಾಳೆ. ಗಮನಿಸಿ: ಹಾಡಿದವಳು ಯಹೂದಿ, ಹಾಡು ಕ್ರೈಸ್ತರದು. ತನ್ನ ದೇವರನ್ನು ಕೇಳಿಸಲು ಅವಳು ಹೋಗಿರಲಿಲ್ಲ. ಎದುರಿನ ಜೀವಕ್ಕೆ ಯಾವ ಹಾಡು ಗೊತ್ತೋ ಅದನ್ನೇ ಹಾಡಿದಳು. ಸೇವೆಯ ಹೆಸರಿನಲ್ಲಿ ತಮ್ಮ ಭಜನೆಯನ್ನೇ ಎಲ್ಲರ ಕಿವಿಗೆ ತುರುಕುವವರು ಈ ವಿಡಿಯೊವನ್ನು ಎರಡು ಸಲ ನೋಡಬೇಕು. ನವೋಮಿ 2023ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಯಹೂದಿ ವೃದ್ಧಾಶ್ರಮಗಳಲ್ಲಿ ಇನ್ನೊಂದು ತೂಕವಿದೆ, ಬೇರೆಡೆ ಇಲ್ಲದ್ದು. ನಾಜಿ ಶಿಬಿರಗಳಿಂದ ಬದುಕಿ ಬಂದವರು ಅಲ್ಲಿದ್ದಾರೆ. ಮರೆವಿನ ಕಾಯಿಲೆ ಇತ್ತೀಚಿನ ನೆನಪನ್ನು ಮೊದಲು ಅಳಿಸುತ್ತದೆ, ಹಳೆಯದನ್ನು ಮೇಲಕ್ಕೆ ತರುತ್ತದೆ. ಆಗ ಸ್ನಾನದ ಕೋಣೆಯ ಶವರ್ ಶವರಾಗಿ ಉಳಿಯುವುದಿಲ್ಲ. ಬಟ್ಟೆ ಬಿಚ್ಚಲು ಹೇಳುವುದು, ಸಾಲಾಗಿ ನಿಲ್ಲಿಸುವುದು, ಸಮವಸ್ತ್ರ, ಕಾರಿಡಾರಿನಲ್ಲಿ ಬೂಟಿನ ಸದ್ದು, ನಾಯಿ ಬೊಗಳುವುದು, ಎಲ್ಲವೂ ಅವರನ್ನು ಆ ಶಿಬಿರಕ್ಕೇ ಒಯ್ಯುತ್ತವೆ. ಊಟದ ಮೇಜಿನಿಂದ ಬ್ರೆಡ್ಡಿನ ತುಂಡನ್ನು ಕದ್ದು ದಿಂಬಿನಡಿ ಬಚ್ಚಿಡುವವರಿದ್ದಾರೆ. ‘ಇರುವೆ ಬರುತ್ತೆ’ ಎಂದು ಅದನ್ನು ಎತ್ತಿ ಬಿಸಾಡಿದ ಸಿಬ್ಬಂದಿಯ ಉದ್ದೇಶ ಸ್ವಚ್ಛತೆ ಇರಬಹುದು. ಆ ಜೀವಕ್ಕೆ ಅದು ನಾಳೆಯ ಉಸಿರನ್ನೇ ಕಿತ್ತುಕೊಂಡ ಹಾಗೆ. ಇಂಥವರ ಆರೈಕೆ ಹೇಗೆಂದು ಬೇಕ್ರೆಸ್ಟ್ 2003ರಲ್ಲಿ ಒಂದು ಕೈಪಿಡಿಯನ್ನೇ ತಂದಿತು.

ಇಲ್ಲಿ ಯುವಕರಿಗೆ ಒಂದು ಕಟು ಮಾತು ಹೇಳಲೇಬೇಕು. ‘ಅಜ್ಜಿ, ಶಿಬಿರದಲ್ಲಿ ಏನಾಯ್ತು ಹೇಳಿ’ ಎಂದು ಕೆದಕುವ ಅಧಿಕಾರ ನಿಮಗಿಲ್ಲ. ನಿಮ್ಮ ಪ್ರಬಂಧಕ್ಕೆ, ನಿಮ್ಮ ವಿಡಿಯೊಗೆ, ಕಾಲೇಜು ಅರ್ಜಿಯಲ್ಲಿ ಬರೆದುಕೊಳ್ಳುವುದಕ್ಕೆ ಅವರ ಗಾಯ ಸಾಮಗ್ರಿಯಲ್ಲ. ಅವರಾಗಿ ಹೇಳಿದರೆ ಕೇಳಿ. ಹೇಳದಿದ್ದರೆ ಇಸ್ಪೀಟು ಆಡಿ.

ನೀತಿಯ ಪ್ರಶ್ನೆಗಳು ಸ್ವಯಂಸೇವಕರ ಮಟ್ಟಕ್ಕೇ ನಿಲ್ಲುವುದಿಲ್ಲ. ಬೀಳುವ ಅಪಾಯ ಇದೆಯೆಂದು ಗೊತ್ತಿದ್ದೂ ನಡೆದೇ ಹೋಗುತ್ತೇನೆ ಎನ್ನುವ ಮುದುಕನನ್ನು ಕಟ್ಟಿಹಾಕುವುದೇ? ನುಂಗಲಾಗದವರಿಗೆ ಕೊಳವೆ ಹಾಕಿ ಉಣಿಸುವುದೇ, ಬಿಡುವುದೇ? ಕ್ಯಾನ್ಸರ್ ಇದೆಯೆಂದು ಅಪ್ಪನಿಗೆ ಹೇಳಬೇಡಿ ಎಂದು ಮಗ ಅಂಗಲಾಚಿದರೆ ಯಾರ ಮಾತು ಕೇಳುವುದು? ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಎಥಿಕ್ಸ್ ಕಮಿಟಿ ಇರುತ್ತದೆ. ವೈದ್ಯರು, ನರ್ಸು, ಸಮಾಜಸೇವಕರು, ರಬ್ಬಿ ಎಂಬ ಯಹೂದಿ ಧರ್ಮಗುರು, ಕೆಲವೊಮ್ಮೆ ಸಮುದಾಯದ ಒಬ್ಬ ಸಾಮಾನ್ಯ ಮನುಷ್ಯ ಒಟ್ಟಿಗೆ ಕೂತು ಯೋಚಿಸುತ್ತಾರೆ. ಅಮೆರಿಕದ ಕಾನೂನು ವ್ಯಕ್ತಿಯ ಇಚ್ಛೆಯ ಕಡೆ ವಾಲುತ್ತದೆ. ಯಹೂದಿ ಧರ್ಮಶಾಸ್ತ್ರ ಜೀವ ಉಳಿಸುವ ಕಡೆ. ನಡುವೆ ರಬ್ಬಿಗೆ ನಿದ್ದೆ ಬರುವುದಿಲ್ಲ.

ನ್ಯೂಯಾರ್ಕಿನ ರಿವರ್‌ಡೇಲ್‌ನಲ್ಲಿರುವ ಹೀಬ್ರೂ ಹೋಮ್ ಇನ್ನೂ ಧೈರ್ಯದ ಹೆಜ್ಜೆ ಇಟ್ಟಿತು. ಅಲ್ಲಿನ ನಿವಾಸಿಗಳು ಪರಸ್ಪರ ಪ್ರೀತಿಸಬಹುದು, ಹತ್ತಿರವಾಗಬಹುದು, ಅದು ಅವರ ಹಕ್ಕು ಎಂದು 1995ರಲ್ಲೇ ಲಿಖಿತ ನೀತಿ ಮಾಡಿತು. ನಮ್ಮ ವೃದ್ಧಾಶ್ರಮಗಳಲ್ಲಿ ಈ ಮಾತೆತ್ತಿದರೆ ಆಡಳಿತ ಮಂಡಳಿಯ ಅರ್ಧ ಜನ ಕಾಫಿ ಬಿಟ್ಟು ಎದ್ದುಹೋಗುತ್ತಾರೆ. 2005ರಲ್ಲಿ ಅದೇ ಸಂಸ್ಥೆ, ಮನೆಯವರಿಂದಲೇ ಹಿಂಸೆ ಅನುಭವಿಸಿದ ಹಿರಿಯರಿಗಾಗಿ ಒಂದು ಆಶ್ರಯಕೇಂದ್ರವನ್ನೂ ತೆರೆಯಿತು.

ಹೆತ್ತವರನ್ನು ಬೇರೆಯವರ ಕೈಗೆ ಒಪ್ಪಿಸುವುದೇ ಪಾಪವಲ್ಲವೇ ಎಂದು ನೀವು ಕೇಳಬಹುದು. ಯಹೂದಿಗಳೂ ಕೇಳಿಕೊಂಡಿದ್ದಾರೆ. ಬುದ್ಧಿ ಕಲಕಿದ ತಂದೆತಾಯಿಯನ್ನು ಆದಷ್ಟು ದಿನ ಅವರ ಮನಸ್ಸಿಗೆ ತಕ್ಕಂತೆ ನೋಡಿಕೊಳ್ಳಬೇಕು, ಕೈಮೀರಿದರೆ ತಕ್ಕವರನ್ನು ನೇಮಿಸಿ ದೂರ ಸರಿಯಬಹುದು ಎಂದು ಮೈಮೊನೀಡಿಸ್ ಬರೆದ. ಪ್ರೊವೆನ್ಸಿನ ವಿದ್ವಾಂಸ ರಾವದ್ ಅದರ ಮೇಲೇ ಗುಡುಗಿದ: ಮಗನೇ ಬಿಟ್ಟುಹೋದರೆ ಕಾಯುವವರು ಯಾರು? ಎಂಟು ಶತಮಾನ ಕಳೆದರೂ ಈ ವ್ಯಾಜ್ಯ ತೀರಿಲ್ಲ. ನನಗನ್ನಿಸುವುದು, ಇಬ್ಬರೂ ಸರಿ. ಮೈಮೊನೀಡಿಸ್ ಹೇಳಿದ್ದರಿಂದ ವೃದ್ಧಾಶ್ರಮ ಸಾಧ್ಯವಾಯಿತು. ರಾವದ್‌ನ ಪ್ರಶ್ನೆಗೆ ಉತ್ತರವಾಗಿ ನೀವು ಅಲ್ಲಿಗೆ ಹೋಗಬೇಕಾಯಿತು.

ಹೋದಾಗ ಒಬ್ಬರನ್ನು ಮರೆಯಬೇಡಿ: ಸಂಬಳಕ್ಕೆ ದುಡಿಯುವವರನ್ನು. ಇಸ್ರೇಲಿನ ಮನೆಮನೆಗಳಲ್ಲಿ ವೃದ್ಧರ ಆರೈಕೆಗೆ ನಿಂತ ಭಾರತೀಯರಲ್ಲಿ ಕೇರಳದವರ ಜೊತೆ ನಮ್ಮ ಮಂಗಳೂರು, ಉಡುಪಿ ಕಡೆಯವರೂ ಇದ್ದಾರೆ. ಹೀಬ್ರೂ ಕಲಿತು, ಶಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ನಿಯಮ ಕಲಿತು, ಯಾರದೋ ಅಪ್ಪನನ್ನು ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಬಟ್ಟೆ ಬದಲಿಸುವವರು ಅವರು. ಒಂದು ಗಂಟೆಗೆ ಬಂದು ಹೋಗುವ ಸ್ವಯಂಸೇವಕ ಅವರೆದುರು ದೊಡ್ಡಸ್ತಿಕೆ ತೋರಿಸಿದರೆ ಅದಕ್ಕಿಂತ ಅಸಹ್ಯ ಇನ್ನೊಂದಿಲ್ಲ. ಮೊದಲು ಅವರ ಹೆಸರು ಕೇಳಿ ತಿಳಿದುಕೊಳ್ಳಿ.

ಕೊಡುವವರು ನೀವು, ತೆಗೆದುಕೊಳ್ಳುವವರು ಅವರು ಎಂಬ ಲೆಕ್ಕವೂ ಅಲ್ಲಿ ನಿಲ್ಲುವುದಿಲ್ಲ. ಹಿರಿಯರು ಮಕ್ಕಳಿಗೆ ಆಸ್ತಿಯ ಉಯಿಲಿನ ಜೊತೆ ಬಾಳಿನ ಉಯಿಲನ್ನೂ ಬರೆದಿಡುವ ರೂಢಿ ಯಹೂದಿಗಳಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಯೆಹೂದಾ ಇಬ್ನ್ ತಿಬ್ಬೋನ್ ಮಗ ಸಾಮ್ಯುಯೆಲ್‌ಗೆ ಬರೆದದ್ದು ಪ್ರಸಿದ್ಧ. ಪುಸ್ತಕ ಜೋಪಾನ, ಅಕ್ಷರ ದುಂಡಗಿರಲಿ, ಕೊಟ್ಟ ಪುಸ್ತಕದ ಲೆಕ್ಕವಿಡು ಎಂದು ಸಾಲು ಸಾಲು ಬೈಗುಳ! ಆ ಮಗನೇ ಮುಂದೆ ಮೈಮೊನೀಡಿಸನ ಮಹಾಗ್ರಂಥವನ್ನು ಹೀಬ್ರೂವಿಗೆ ತಂದ. ಈಗಲೂ ಕೆಲವು ಕಡೆ ಹಿರಿಯರು ಹೇಳುತ್ತ ಹೋಗುತ್ತಾರೆ, ಯುವಕರು ಬರೆದುಕೊಳ್ಳುತ್ತಾರೆ. ಅಲ್ಲಿನ ಕಟ್ಟುಪಾಡು ಒಂದೇ: ಅವರ ಮಾತನ್ನು ನೀವು ಚೆಂದ ಮಾಡಲು ಹೋಗಬೇಡಿ.

ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್‌ಗಳಲ್ಲಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮ ಅಜ್ಜಿ ಹಾಸನದಲ್ಲೋ ಹಾವೇರಿಯಲ್ಲೋ ಇದ್ದಾರೆ, ದಿನಾ ನೋಡಲಾಗದು. ಪಕ್ಕದ ಬೀದಿಯ ಯಹೂದಿ ಅಜ್ಜಿಯ ಮೊಮ್ಮಗ ಬಹುಶಃ ಬೆಂಗಳೂರಿನ ಕಂಪನಿಯ ಜೊತೆಯೇ ವಿಡಿಯೊ ಮೀಟಿಂಗಿನಲ್ಲಿದ್ದಾನೆ. ಹೋಗಿ ಅರ್ಜಿ ಕೊಡಿ. ಊರಲ್ಲೇ ಇರುವವರು ನಿಮ್ಮ ಊರಿನ ವೃದ್ಧಾಶ್ರಮಕ್ಕೆ ಹೋಗಿ. ಹಿರಿಯರಿಗೆ ಹಿಂಸೆಯಾಗುತ್ತಿರುವುದು ಕಣ್ಣಿಗೆ ಬಿದ್ದರೆ ದೇಶದಾದ್ಯಂತ ನಡೆಯುವ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ‘ಯಾರಿಗೂ ಹೇಳಬೇಡ’ ಎಂದು ಅವರು ಗುಟ್ಟು ಹೇಳಲು ಬಂದರೆ, ಹೇಳುವುದಿಲ್ಲವೆಂದು ಮೊದಲೇ ಮಾತು ಕೊಡಬೇಡಿ; ಮಾತ್ರೆಯನ್ನು ನಾಲಗೆಯಡಿ ಬಚ್ಚಿಟ್ಟು ಉಗುಳುತ್ತಿದ್ದೇನೆ ಎಂದರೆ ನೀವು ಹೇಳಲೇಬೇಕಾಗುತ್ತದೆ.

ವಾರದಲ್ಲಿ ಒಂದು ದಿನ, ಒಂದು ಗಂಟೆ ಗೊತ್ತುಮಾಡಿಕೊಳ್ಳಿ. ಮೊದಲ ದಿನ ನಿಮಗೆ ಬೇಜಾರಾಗುತ್ತದೆ, ಅವರಿಗೂ ಆಗುತ್ತದೆ. ನಾಲ್ಕನೆಯ ವಾರಕ್ಕೆ ಅವರು ನಿಮ್ಮ ಹೆಸರು ಮರೆತಿರುತ್ತಾರೆ. ಮತ್ತೆ ಹೇಳಿ. ಬರುವುದಾಗಿ ಹೇಳಿದ ದಿನ ಬರಲಾಗದಿದ್ದರೆ ಫೋನ್ ಮಾಡಿ ತಿಳಿಸಿ. ಬೆಳಗ್ಗೆಯಿಂದ ತಲೆ ಬಾಚಿಕೊಂಡು ಕಾದಿರುವವರನ್ನು ಸುಮ್ಮನೆ ಕಾಯಿಸಬೇಡಿ. ಇಷ್ಟು ನಿಷ್ಠೆ ನಿಮ್ಮಿಂದ ಆಗುವುದಾದರೆ ಈ ವಾರವೇ ಹೋಗಿ ಹೆಸರು ಕೊಡಿ.